ಅಲುಗಾಡಬೇಡ, ಎಲಿಯೋ!

“ಜೋಲಿ ನೇಯ್ದವಳು ಒಳಗೆ ದೋನ್ ಎಲಿಯೋದೋರೋನನ್ನೂ ಸೇರಿಸಿ ನೇಯ್ದುಬಿಟ್ಟಿದ್ದಾಳೆ” ಎನ್ನುತ್ತಿದ್ದರು ಮಾಗ್ದಲೇನಾ ನದಿದಂಡೆಯ ನೆರೆಹೊರೆಯವರು. ಪಡಸಾಲೆಯ ಎರಡು ಕಂಬ, ನಡುವೆ ಜೋಲಿ, ಜೋಲಿಯೊಳಗೆ ಅವನು. ನದಿಯ ಗಾಳಿ ಬೀಸಿದರೆ ಎಲ್ಲ ಒಟ್ಟಿಗೆ ಕಿರುಗುಟ್ಟುತ್ತಿದ್ದವು.

ಹೆಂಡತಿ ಬೆನಿಲ್ದಾಗೆ ಮನೆ ಮಾರಿ, ಬರಾಂಕಿಯಾ ಪಟ್ಟಣದಲ್ಲಿ ತಂಗಿಯ ಮನೆ ಮಗ್ಗುಲಲ್ಲೇ ಮೆಕ್ಕೆಜೋಳದ ಅರೇಪಾ ರೊಟ್ಟಿ ಕರಿಯುವ ಅಂಗಡಿ ಇಡುವಾಸೆ. ಕೊಳ್ಳುವವನು ಪನಾಮಾದಲ್ಲಿದ್ದ. ಬರಲು ಪುರುಸೊತ್ತಿಲ್ಲ, ಮನೆಯನ್ನೇ ಕಂಪ್ಯೂಟರಿಗೆ ಕಳಿಸಿ, ಒಳಗೆಲ್ಲ ಓಡಾಡಿ ನೋಡಿ ಹೇಳುತ್ತೇನೆ ಅಂದ. (ಮನೆ ಕಳಿಸುವುದಂತೆ! ಎಲಿಯೋದೋರೋ ಮಲಗಿದ್ದಲ್ಲೇ ನಕ್ಕ.)

ಬೆನಿಲ್ದಾಳ ಅಣ್ಣನ ಮಗಳು ಮಾರ್ಲೆನಿಸ್ ಕೋಲಿನ ತುದಿಗೊಂದು ಕ್ಯಾಮೆರಾ ಸಿಕ್ಕಿಸಿಕೊಂಡು ಬಂದಳು. ಅವನಿಗೆ ಕುತೂಹಲ ತಡೆಯಲಾಗಲಿಲ್ಲ.

“ಇದೇನೇ, ಮುಂದೊಂದು ಕಣ್ಣು, ಬೆನ್ನಿಗೊಂದು ಕಣ್ಣು?”

“ಸುತ್ತಲೂ ಒಂದೇ ಏಟಿಗೆ ನೋಡುತ್ತೆ ಮಾವ. ಪ್ರತಿ ಕೋಣೆಯಲ್ಲೂ ನಾಲ್ಕಾರು ಕಡೆ ನಿಲ್ಲಿಸಿ ಚಿತ್ರ ತೆಗೀತೀನಿ. ಕಂಪ್ಯೂಟರು ಎಲ್ಲಾ ಹೊಲಿದು ಗೋಡೆ, ಬಾಗಿಲು, ಕಂಬದ ಸಮೇತ ಮನೆ ಎಬ್ಬಿಸುತ್ತೆ.”

“ಬೆನ್ನಿಗೂ ಕಣ್ಣು ಅಂದ್ರೆ ನಿಮ್ಮತ್ತೆ ಥರಾನೇ ಬಿಡು.”

“ನೀನು ಮಾತ್ರ ಅಲುಗಾಡಬೇಡ ಎಲಿಯೋ,” ಬೆನಿಲ್ದಾ ಅಡುಗೆಮನೆಯಿಂದಲೇ ಗದರಿದಳು. “ಓಡಾಡಿದ್ಯೋ, ಎಲ್ಲಾ ಚಿತ್ರದಲ್ಲೂ ನಿನ್ನ ಹೊಟ್ಟೆ! ಆಮೇಲೆ ಯಾರು ಕೊಳ್ತಾರೆ?”

ಅವನ ಕಿವಿ ನೆಟ್ಟಗಾಯಿತು. ಹಾಗಾದರೆ ಓಡಾಡಿದರೆ ಮನೆ ಉಳಿಯಿತು, ಕಂಬ ಉಳಿಯಿತು! ಎದ್ದ. (ಭಾರ ಇಳಿದ ಜೋಲಿ ಗಾಬರಿಯಿಂದ ಸೂರಿಗೆ ಜಿಗಿಯಿತು.) ಕೋಣೆಯಿಂದ ಕೋಣೆಗೆ ದಿಗ್ವಿಜಯ ಹೊರಟ. ಮಾರ್ಲೆನಿಸ್ ಬಾಗಿಲ ಮರೆಗೆ ಸರಿದು ಗುಂಡಿ ಒತ್ತುವಷ್ಟರಲ್ಲಿ ಇವನು ಹಾಜರು. ಒಲೆಯ ಮುಂದೆ ಬಾಣಲೆ ಬೀಸಿದ, ಮಂಚದ ಸುತ್ತ ಸುತ್ತಿದ, ಬಚ್ಚಲಲ್ಲಿ ಕುಣಿದೇಬಿಟ್ಟ.

“ಮಾವಾ!”

“ಅಯ್ಯೋ, ಮರೆತೆ ಕಣಮ್ಮ.”

ವಾರದೊಳಗೆ ಕಂಪ್ಯೂಟರಿನಲ್ಲಿ ಮನೆ ಎದ್ದು ನಿಂತಿತು. ಎಲಿಯೋದೋರೋ ಮೂಗು ತಾಗುವಷ್ಟು ಬಗ್ಗಿ ನೋಡಿದ. ಒಲೆ, ಮಂಚ, ಬಚ್ಚಲು, ಎರಡು ಕಂಬ, ಖಾಲಿ ಜೋಲಿ. ತನ್ನದೊಂದು ಬೆರಳೂ ಇಲ್ಲ!

“ನಾನೆಲ್ಲೇ?”

“ಎಲ್ಲಾ ಚಿತ್ರದಲ್ಲೂ ಒಂದೇ ಜಾಗದಲ್ಲಿದ್ದದ್ದನ್ನ ಮಾತ್ರ ಅದು ಮನೆ ಅಂತ ನಂಬುತ್ತೆ ಮಾವ. ಓಡಾಡಿದ್ದನ್ನ ಅಳಿಸಿಬಿಡುತ್ತೆ. ಅತ್ತೆಗೆ ಮೊದಲೇ ಹೇಳಿದ್ನಲ್ಲ?”

“ಅಂದ್ರೆ... ಜೋಲೀಲೇ ಬಿದ್ದಿದ್ದಿದ್ರೆ?”

“ಕಂಬದ ಜೊತೆ ನೀವೂ ಮನೆಗೆ ಸೇರ್ತಿದ್ರಿ. ಆಮೇಲೆ ಯಾರು ಕೊಳ್ತಿದ್ರು?”

ಬೆನಿಲ್ದಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ಮದುವೆಯಾದಾಗಿಂದ ಏಳು ಏಳು ಅಂದೆ, ಏಳಲಿಲ್ಲ. ಒಂದು ದಿನ ಏಳಬೇಡ ಅಂದೆ, ನೋಡು!”

ಪನಾಮಾದವನು ಒಪ್ಪಿದ. ಹೊರಡುವ ದಿನ ಸಾಮಾನೆಲ್ಲ ಲಾರಿಗೇರಿತು. ಎಲಿಯೋದೋರೋ ಜೋಲಿ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಹಗ್ಗ ಸವೆಸಿದ ಕಂಬದ ಗೀರಿನ ಮೇಲೆ ಕೈಯಿಟ್ಟು ನಿಂತೇಬಿಟ್ಟ. ಲಾರಿ ಎರಡು ಸಲ ಹಾರ್ನ್ ಹೊಡೆಯಿತು.

ಬೆನಿಲ್ದಾ ಬೀದಿಯಿಂದ ಕೂಗಿದಳು. “ನೀನು ಬರಬೇಡ ಎಲಿಯೋ! ಅಲ್ಲೇ ಇರು. ಅಲುಗಾಡಬೇಡ!”

ಈ ಸಲ ಅವಳ ಆಟ ಚೆನ್ನಾಗಿ ಗೊತ್ತಿತ್ತು. ಆದರೆ ಹಾಳು ಕಾಲುಗಳು ಕೇಳಬೇಕಲ್ಲ, ಹೊಸಿಲು ದಾಟಿಯೇಬಿಟ್ಟವು.