ಬಾಯಿ ಬಿಡದ ಗೂಢಚಾರಿಣಿ

ಹಂಸಾ, ಮತ್ತೆ ನೀನು ಪುಟ್ಟ, ಇಬ್ಬರೂ ಕೇಳಿ. ಹೆಸರು ಇರುವುದೇ ಕರೆಯುವುದಕ್ಕೆ ಎಂದು ನೀವು ತಿಳಿದುಕೊಂಡಿದ್ದೀರಿ. ನಮ್ಮ ಕಾಲದ ಹೆಂಗಸರಿಗೆ ಒಂದು ಹೆಸರು ಮಾತ್ರ ಕರೆಯದೆ ಇರುವುದಕ್ಕೆಂದೇ ಇತ್ತು. ಅದು ಗಂಡನ ಹೆಸರು. ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು. ನಾನು ಸರಗೂರಿನ ಹತ್ತಿರದ ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟ ಮಗ್ಗಿಯನ್ನು ಆಗಲೇ ಮರೆತೆ, ಇದನ್ನು ಮರೆಯಲಿಲ್ಲ. ಈಗ ಮೊದಲ ಸಾಲನ್ನೇ ಇನ್ನೊಮ್ಮೆ ನೋಡಿ. ಮೊಮ್ಮಗಳನ್ನು ಹೆಸರು ಹಿಡಿದು ಕರೆದಿದ್ದೇನೆ, ಮೊಮ್ಮಗನನ್ನು ಪುಟ್ಟ ಅಂದು ಕೈತೊಳೆದುಕೊಂಡಿದ್ದೇನೆ. ಪುಟ್ಟನಿಗೂ ಶಾಲೆಯ ಹಾಜರಿಯಲ್ಲಿ ಒಂದು ಒಳ್ಳೆಯ ಹೆಸರಿದೆ. ಅದು ನಿಮ್ಮ ತಾತನ ಹೆಸರು. ನಿಮ್ಮಪ್ಪ ತನ್ನ ಅಪ್ಪನ ಮೇಲಿನ ಪ್ರೀತಿಗೆ ಮಗನಿಗೆ ಅದನ್ನೇ ಇಟ್ಟ. ನಾಮಕರಣದ ದಿನ ತೊಟ್ಟಿಲ ಸುತ್ತ ನಿಂತ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದರು. ನನ್ನ ಸರದಿ ಬಂದಾಗ ನಾನೂ ಬಗ್ಗಿದೆ, ಕಿವಿಯಲ್ಲಿ "ಪುಟ್ಟ" ಅಂದೆ, ಎದ್ದೆ. ಅದು ಯಾರಿಗೂ ಕೇಳಿಸಲಿಲ್ಲ. ಕೇಳಿಸಿಕೊಂಡವನು ಬಾಯಿ ಚಪ್ಪರಿಸುತ್ತಾ ಮಲಗಿದ್ದ.

ನಿಮ್ಮ ತಾತನದು ಬೆಣ್ಣೆ ಕದ್ದ ದೇವರ ಹೆಸರು. ಈ ದೇವರ ಹೆಸರು ಹೇಳದೆ ಈ ಸೀಮೆಯಲ್ಲಿ ಬಾಳುವೆ ಮಾಡುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತಿಲ್ಲ. ಗೋಕುಲಾಷ್ಟಮಿಗೆ ಇನ್ನೊಂದು ಹೆಸರಿದೆಯಲ್ಲ, ಅದನ್ನು ನಾನು ಚಕ್ಕುಲಿ ಹಬ್ಬ ಅನ್ನುತ್ತೇನೆ. ಅಣೆಕಟ್ಟೆಯನ್ನು ಕನ್ನಂಬಾಡಿ ಕಟ್ಟೆ ಅನ್ನುತ್ತೇನೆ. ಭಜನೆಯಲ್ಲಿ ಆ ಹೆಸರು ಬಂದ ಕಡೆ ತಾಳ ಸ್ವಲ್ಪ ಜೋರಾಗಿ ಹಾಕುತ್ತೇನೆ. ಕೆ.ಆರ್. ನಗರಕ್ಕೆ ಮಾತ್ರ ಬಹಳ ವರ್ಷ ತೊಂದರೆಯಿರಲಿಲ್ಲ. ಎಲ್ಲರಂತೆ ನಾನೂ ಕೆ.ಆರ್. ನಗರ ಎನ್ನುತ್ತಿದ್ದೆ. ಒಂದು ದಿನ ಹಂಸಾ ಪಾಠ ಓದುತ್ತಾ ಕುಳಿತವಳು, ಆ ಕೆ ಅಂದರೆ ಏನು, ಆರ್ ಅಂದರೆ ಏನು ಎಂದು ಬಿಡಿಸಿ ಹೇಳಿಬಿಟ್ಟಳು. ಅಷ್ಟು ವರ್ಷ ಬಸ್ಸಿನಲ್ಲಿ, ಸಂತೆಯಲ್ಲಿ, ಎಲ್ಲರೆದುರು ಗಂಡನ ಹೆಸರಿನ ಮೊದಲ ಅಕ್ಷರ ಹೇಳಿಕೊಂಡು ಓಡಾಡಿದ್ದೆನಲ್ಲ ಎಂದು ನನಗೆ ಆ ದಿನ ಅನ್ನ ಸೇರಲಿಲ್ಲ. ಅವತ್ತಿನಿಂದ ನನ್ನ ಬಾಯಲ್ಲಿ ಅದು ಯಡತೊರೆ. ಊರಿನ ಹಳೆಯ ಹೆಸರೇ ಅದು, ನಾನು ಹುಟ್ಟಿಸಿದ್ದಲ್ಲ. ಆದರೆ ಈಗಿನ ಕಂಡಕ್ಟರುಗಳಿಗೆ ಗೊತ್ತಿಲ್ಲ. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ "ಯಡತೊರೆಗೊಂದು ಟಿಕೆಟ್ ಕೊಡಪ್ಪ" ಅಂದರೆ, "ಅದೆಲ್ಲಿ ಬತ್ತದೆ ಕಣಜ್ಜಿ?" ಎನ್ನುತ್ತಾರೆ. ಬಸ್ಸಿನಲ್ಲಿ ಯಾರಾದರೂ ವಯಸ್ಸಾದವರು ಇದ್ದು ಬಿಡಿಸಿ ಹೇಳಿದರೆ ನಾನು ಊರು ಸೇರುತ್ತೇನೆ.

ಇದೆಲ್ಲ ನನ್ನ ಪಾಡಿಗೆ ನಡೆದುಕೊಂಡು ಹೋಗುತ್ತಿತ್ತು. ಕೆಡಿಸಿದ್ದು ಒಂದು ಧಾರಾವಾಹಿ. ಅವರೆಕಾಯಿ ಕಾಲ. ಹಂಸಾ ತನ್ನ ಫೋನಿನಿಂದ ಟಿ.ವಿ.ಗೆ ಏನೋ ಜೋಡಿಸಿ ಇಂಗ್ಲಿಷಿನವರ ಹಳೆಯ ಗೂಢಚಾರರ ಧಾರಾವಾಹಿ ಹಾಕುತ್ತಿದ್ದಳು. ನಿಮ್ಮಪ್ಪ ಹುಟ್ಟುವುದಕ್ಕೂ ಮುಂಚಿನದಂತೆ. ಬಣ್ಣ ಇಲ್ಲ. ಯಾರೋ ಪುಣ್ಯಾತ್ಮರು ಅದಕ್ಕೆ ಕನ್ನಡ ಮಾತು ಹಾಕಿದ್ದರು. ಆ ಬಿಳಿಯರ ತುಟಿ ನಿಂತ ಮೇಲೂ ಕನ್ನಡ ನಡೆಯುತ್ತಿತ್ತು, ಕೆಲವು ಸಲ ಕನ್ನಡ ಮುಗಿದ ಮೇಲೂ ತುಟಿ ಅಲ್ಲಾಡುತ್ತಿತ್ತು. ನಾನು ನೆನೆಸಿದ ಅವರೆಕಾಳು ಹಿತುಕುತ್ತಾ ಗೋಡೆಗೊರಗಿ ಕೂರುತ್ತಿದ್ದೆ. ನೋಡುವುದಿಲ್ಲ ಎಂದು ಹೇಳಿಕೊಂಡೇ ಎಲ್ಲವನ್ನೂ ನೋಡುತ್ತಿದ್ದೆ. ಬೇರೆ ಕಂತುಗಳಲ್ಲಿ ಬರೀ ಓಡುವುದು, ಗೋಡೆ ಹಾರುವುದು, ಟೋಪಿ ಬದಲಾಯಿಸುವುದು. ಅವು ಯಾವುವೂ ನನ್ನ ತಲೆಯಲ್ಲಿ ಉಳಿದಿಲ್ಲ. ಒಂದು ಕಂತು ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಅದರಲ್ಲಿ ಗಂಡ ಹೆಂಡತಿ ಇಬ್ಬರೂ ಗೂಢಚಾರರು. ಶತ್ರುವಿನ ದೊಡ್ಡ ಮನೆಯಲ್ಲಿ ಅವಳು ಅಡುಗೆಯವಳಾಗಿ, ಅವನು ಆಳಾಗಿ ಸೇರಿಕೊಂಡಿದ್ದಾರೆ. ಒಬ್ಬರಿಗೊಬ್ಬರು ಗುರುತೇ ಇಲ್ಲದವರಂತೆ ಓಡಾಡುತ್ತಾರೆ. ಕೊನೆಗೆ ಅವಳು ಸಿಕ್ಕಿಬೀಳುತ್ತಾಳೆ. ಆ ಶತ್ರು ಹೊಡೆಯಲಿಲ್ಲ, ಬಡಿಯಲಿಲ್ಲ. ಮಹಡಿಯ ಮೇಲೆ ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ ಕಾಫಿ ಕೊಟ್ಟ. "ನಿನ್ನ ಗಂಡನ ಹೆಸರು ಹೇಳು, ಈಗಲೇ ಕಳಿಸಿಬಿಡುತ್ತೇನೆ" ಅಂದ. ಅವಳು ಹೇಳಲಿಲ್ಲ. ಮನೆಯ ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದೊಂದೇ ಹೆಸರು ಕೂಗಿ ಅವಳ ಕಣ್ಣನ್ನೇ ನೋಡಿದ. ಅವಳು ಕಣ್ಣು ಮಿಟುಕಿಸಲಿಲ್ಲ. ಹಂಸಾ ಉಗುರು ಕಚ್ಚುತ್ತಿದ್ದಳು. ನಿಮ್ಮಪ್ಪ ಕಿಟಕಿಯ ಹತ್ತಿರ ನಿಂತು, "ಏನ್ ಗಟ್ಟಿ ಹೆಂಗ್ಸು ಕಣವ್ವ" ಅಂದ. ನನಗೆ ಮೈಯೆಲ್ಲ ಉರಿಯಿತು. ಗಂಡನ ಹೆಸರು ಹೇಳದೆ ಒಂದು ಮಧ್ಯಾಹ್ನ ಕುಳಿತಿದ್ದಕ್ಕೆ ಅವಳು ಗಟ್ಟಿ ಹೆಂಗಸು. ಮದುವೆಯಾದಾಗಿನಿಂದ ಹೇಳದೆ ಇರುವವಳು ಇಲ್ಲೇ ಅವನ ಕಾಲ ಹತ್ತಿರ ಕುಳಿತು ಅವರೆಕಾಳು ಹಿತುಕುತ್ತಿದ್ದೇನೆ, ನನಗೆ ಯಾರೂ ಕಾಫಿ ಕೂಡ ಕೊಟ್ಟಿಲ್ಲ.

ಆಮೇಲೆ ಆ ಶತ್ರು ಅವಳ ಕಣ್ಣೆದುರೇ ಅಂಗಳದಲ್ಲಿ ನಿಂತ ಕಾರಿನೊಳಗೆ ಬಾಂಬ್ ಇಡಿಸಿದ. ಬಾಗಿಲು ತೆಗೆದವರು ಸತ್ತಂತೆ. ಅವಳ ಗಂಡ ಏನೂ ತಿಳಿಯದೆ ಕಾರಿನ ಕಡೆಗೇ ನಡೆಯುತ್ತಿದ್ದಾನೆ. ಅವಳು ಮಹಡಿಯ ಕಿಟಕಿಯಿಂದ ನೋಡುತ್ತಿದ್ದಾಳೆ. ಹೆಸರು ಕೂಗಿದರೆ ಅವನು ಯಾರೆಂದು ಗೊತ್ತಾಗುತ್ತದೆ, ಕೂಗದಿದ್ದರೆ ಸಾಯುತ್ತಾನೆ. ನನಗೆ ತಡೆಯಲಾಗಲಿಲ್ಲ. "ಲೋಟ ಕುಟ್ಟವ್ವ, ಲೋಟ ಕುಟ್ಟು" ಅಂದುಬಿಟ್ಟೆ. ಕೈಯಲ್ಲಿದ್ದ ಕಾಳು ಚಿಮ್ಮಿ ಟಿ.ವಿ.ಗೆ ಬಡಿಯಿತು. ಅದೇ ಹೊತ್ತಿಗೆ ಅವಳು ಚಮಚ ತೆಗೆದು ಕಾಫಿಯ ಬಟ್ಟಲಿಗೆ ಎರಡು ಸಲ ಬಡಿದಳು. ಅವನು ಗಕ್ಕನೆ ನಿಂತು, ತಿರುಗಿ, ತೋಟದ ಕಡೆಗೆ ಹೊರಟುಹೋದ.

ಮನೆಯೆಲ್ಲ ನನ್ನ ಕಡೆ ತಿರುಗಿತು. ಹಂಸಾ, "ಅಜ್ಜಿ, ನೀನು ಇದನ್ನ ಮೊದ್ಲೇ ನೋಡಿದ್ಯಾ?" ಅಂದಳು.

"ನೋಡದೇನು ಬಂತು, ಮಾಡಿವ್ನಿ" ಅಂದೆ.

ಆಮೇಲೆ ಹೇಳಲೇಬೇಕಾಯಿತು. ಹೆಸರು ಹಿಡಿದು ಕರೆಯದ ಗಂಡನನ್ನು ಜಗಲಿಯಿಂದ ಒಳಕ್ಕೆ ಕರೆಸುವುದು ಹೇಗೆ? ಸೌಟಿನಿಂದ ಪಾತ್ರೆಗೆ ಒಂದು ಏಟು ಹಾಕಿದರೆ ಊಟಕ್ಕೆ ಆಗಿದೆ ಎಂದರ್ಥ. ಎರಡು ಏಟು ಹಾಕಿದರೆ ನೆಂಟರು ಬಂದಿದ್ದಾರೆ, ಅಂಗಿ ಹಾಕಿಕೊಂಡು ಬನ್ನಿ ಎಂದರ್ಥ. ಇದನ್ನು ನಾವು ಯಾವತ್ತೂ ಮಾತಾಡಿಕೊಂಡವರಲ್ಲ. ತಾನಾಗಿ ಆಗಿದ್ದು. ಒಂದು ಸಲ ನನ್ನ ಕೈಯಿಂದ ಸೌಟು ಜಾರಿ ಪಾತ್ರೆಗೆ ಬಡಿದು, ಅಲ್ಲಿಂದ ನೆಲಕ್ಕೆ ಬಿದ್ದಿತ್ತು. ನಿಮ್ಮ ತಾತ ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಅಂಗಿ ತೊಟ್ಟು, ಎಲ್ಲ ಗುಂಡಿ ಹಾಕಿಕೊಂಡು ಬಂದು, "ಯಾರ್ ಬಂದವ್ರೆ?" ಎಂದು ಕೇಳಿದರು. ಯಾರೂ ಇರಲಿಲ್ಲ. ಅಂಗಿ ಒಗೆಯುವ ಕೆಲಸ ನನ್ನದೇ ಆಗಿತ್ತು, ಹಾಗಾಗಿ ಅದು ಚೆನ್ನಾಗಿ ನೆನಪಿದೆ.

ಎಲ್ಲರೂ ನಕ್ಕರು. ನೀನೊಬ್ಬ ನಗಲಿಲ್ಲ ಪುಟ್ಟ. "ಅಜ್ಜಿ, ನನ್ನೆಸ್ರು ಏಳು" ಅಂದೆ.

"ಪುಟ್ಟ" ಅಂದೆ.

"ಅದಲ್ಲ. ಸ್ಕೂಲ್ ಎಸ್ರು."

ನಾನು ಅವರೆಕಾಳಿನ ಪಾತ್ರೆಯೊಳಗೆ ಏನೋ ಹುಡುಕಿದೆ.

"ಒಂದು ಸಲನೂ ಕರ್ದಿಲ್ಲ ನೀನು" ಎಂದೆ ನೀನು. "ಅಂಸಕ್ಕನ್ನ ಮಾತ್ರ ದಿನಾ ಕರೀತೀಯ. ಎಮ್ಮೆಗೂ ಎಸ್ರಿಟ್ಟು ಕರೀತೀಯ." ಅದು ನಿಜ. ನಮ್ಮ ಎಮ್ಮೆಗೆ ಗೌರಿ ಎಂದು ನಾನೇ ಹೆಸರಿಟ್ಟಿದ್ದೆ. ಆಮೇಲೆ ನೀನು ನಿಜವಾದ ಸಂಗತಿ ಹೇಳಿದೆ. ನಿನ್ನ ಶಾಲೆಯಲ್ಲಿ ಅಜ್ಜ ಅಜ್ಜಿಯರ ದಿನ ಮಾಡುತ್ತಾರೆ, ಅಜ್ಜಿಯರು ಮೊಮ್ಮಕ್ಕಳ ಕೈ ಹಿಡಿದು ವೇದಿಕೆ ಹತ್ತಿ, ಮೈಕಿನಲ್ಲಿ ಮೊಮ್ಮಗುವಿನ ಹೆಸರು ಹೇಳಬೇಕು. "ನೀನು ಏಳಲ್ಲ ಅಂದ್ರೆ ಬುಡು, ಪಿರಿಯಾಪಟ್ಟಣದಜ್ಜಿನ ಕರ್ಕೊಂಡೋಯ್ತೀನಿ."

ಪಿರಿಯಾಪಟ್ಟಣದ ಅಜ್ಜಿ ಅಂದರೆ ನಿಮ್ಮಮ್ಮನ ತಾಯಿ. ಒಳ್ಳೆಯವರು. ಅವರು ಬಾಯಿ ತೆರೆದರೆ ಮೈಕು ಬೇಕಾಗಿಲ್ಲ. ನಾನು ನೆಂಟರು ಬಂದರೆ ಬಾಗಿಲ ಮರೆಯಿಂದ "ಚೆನ್ನಾಗಿದೀರಾ" ಎಂದು ಕೇಳಿ ಒಳಗೆ ಹೋಗುವವಳು. ನನ್ನ ಮೊಮ್ಮಗನ ಕೈ ಹಿಡಿದು ಬೀಗಿತ್ತಿ ವೇದಿಕೆ ಹತ್ತುವುದು, ನಾನು ಕೆಳಗೆ ಕುಳಿತು ಚಪ್ಪಾಳೆ ತಟ್ಟುವುದು, ಇದು ಆಗುವ ಮಾತಲ್ಲ. ಅದಕ್ಕಿಂತ ಹೆಚ್ಚಾಗಿ ನಿನ್ನ ಮುಖ. ಅಜ್ಜಿಗೆ ನನ್ನ ಮೇಲೆ ಪ್ರೀತಿ ಸಾಲದು ಎಂದು ನೀನು ಒಳಗೊಳಗೇ ಲೆಕ್ಕ ಹಾಕಿದ್ದೆ. "ನಾನೇ ಬತ್ತೀನಿ, ನಾನೇ ಏಳ್ತೀನಿ" ಎಂದು ಮಾತು ಕೊಟ್ಟುಬಿಟ್ಟೆ.

ಮಾತು ಕೊಟ್ಟ ಮೇಲೆ ಅಭ್ಯಾಸ ಮಾಡಬೇಕಲ್ಲ. ದಿನಾ ಕೊಟ್ಟಿಗೆಗೆ ಹೋಗಿ ಗೌರಿಯ ಮುಂದೆ ನಿಲ್ಲುತ್ತಿದ್ದೆ. ಹೆಸರಿನ ಮೊದಲಕ್ಷರದ ಹತ್ತಿರಕ್ಕೆ ಹೋಗುತ್ತಿದ್ದಂತೆ ಕೆಮ್ಮು ಬರುತ್ತಿತ್ತು. ಇನ್ನೊಮ್ಮೆ ಹೋದರೆ ಇನ್ನೊಂದು ಕೆಮ್ಮು. ನಿಮ್ಮಮ್ಮ ಕೇಳಿಸಿಕೊಂಡು, "ಅತ್ತೆ, ಕೆಮ್ಮು ಜಾಸ್ತಿ ಆಗದೆ ನಿಮ್ಗೆ" ಎಂದು ಮೆಣಸು ಜೀರಿಗೆ ಕಷಾಯ ತಂದಳು. ಬೇಡವೆನ್ನಲು ಕಾರಣ ಹೇಳಬೇಕಾಗುತ್ತದೆ, ಅದಕ್ಕೇ ಕುಡಿದೆ. ಅಷ್ಟು ದಿನವೂ ಕುಡಿದೆ. ಹಂಸಾ ಒಬ್ಬಳಿಗೇ ನಿಜ ಗೊತ್ತಿದ್ದದ್ದು. "ತಾತ ಇಲ್ವಲ್ಲ ಅಜ್ಜಿ, ಇನ್ನೇನು ಆಯಸ್ಸು ಕಮ್ಮಿ ಆಗಕ್ಕದೆ?" ಎಂದು ಮೆಲ್ಲಗೆ ಕೇಳಿದಳು. ಸರಿಯಾದ ಪ್ರಶ್ನೆಯೇ. ಆದರೆ ನಿಮ್ಮ ತಾತ ಹೋದ ಸುದ್ದಿ ನನ್ನ ನಾಲಿಗೆಗೆ ಇನ್ನೂ ತಲುಪಿಲ್ಲ ಮಗ. ಅದು ಇವತ್ತಿಗೂ ಅವರನ್ನು ಕಾಯುತ್ತಾ ಕುಳಿತಿದೆ. ಇದನ್ನು ಅವಳಿಗೆ ಅವತ್ತು ಹೇಳಲಿಲ್ಲ. "ಕಷಾಯದ ಲೋಟ ಒಳಗಿಡು ಓಗು" ಅಂದೆ.

ಆ ದಿನ ಬಂತು. ಶಾಲೆಯ ಸಭಾಂಗಣದ ತುಂಬ ಮಕ್ಕಳು. ನನಗಿಂತ ಮುಂಚೆ ಹೋದ ಅಜ್ಜಿಯರೆಲ್ಲ ಹೆಸರು ಹೇಳಿ, ಒಬ್ಬರಂತೂ ಹಾಡೂ ಹೇಳಿ ಇಳಿದರು. ನಿನ್ನ ಕೈ ಹಿಡಿದು ನಾನು ಹತ್ತಿದೆ. ಮೈಕು ಹಿಡಿದಿದ್ದ ನಿಮ್ಮ ಮಿಸ್ಸು ಚಿಕ್ಕ ವಯಸ್ಸಿನ ಹುಡುಗಿ, "ಅಜ್ಜಿ, ನಿಮ್ಮ ಮೊಮ್ಮಗನ ಹೆಸರೇನು?" ಎಂದು ನಗುತ್ತಾ ಕೇಳಿದಳು. ನಾನು ಕೆಮ್ಮಿದೆ. ಮೈಕಿನಲ್ಲಿ ಆ ಕೆಮ್ಮು ಸಭಾಂಗಣಕ್ಕೆಲ್ಲ ಕೇಳಿಸಿತು. ಮಿಸ್ಸು ನೀರು ತರಿಸಿದಳು. ನೀರು ಕುಡಿಯುವಷ್ಟು ಹೊತ್ತು ತಪ್ಪಿಸಿಕೊಂಡೆ, ಆಮೇಲೆ ಪುನಃ ಅದೇ ಪ್ರಶ್ನೆ. ಆಗ ಮಹಡಿಯ ಮೇಲೆ ಕುಳಿತ ಆ ಹೆಂಗಸು ನೆನಪಾದಳು. ಹೆಸರು ಹೇಳದೆಯೂ ತಿಳಿಸಬೇಕಾದವರಿಗೆ ತಿಳಿಸಿದಳಲ್ಲ ಪುಣ್ಯಾತ್ಗಿತ್ತಿ.

ಮೈಕಿಗೆ ಬಾಯಿ ಹತ್ತಿರ ತಂದು ಮಕ್ಕಳನ್ನು ಕೇಳಿದೆ. "ಮಕ್ಕಳಾ, ಯಡತೊರೆ ಅಂತಿದ್ರಲ್ಲ ಈ ಊರಿಗೆ, ಈಗೇನಂತೀರಿ?"

"ಕೆ.ಆರ್. ನಗರ" ಎಂದರು ಎಲ್ಲರೂ.

"ಪೂರ್ತಿ ಏಳಿ, ನಂಗೆ ಇಂಗ್ಲಿಷ್ ಬರಾಕಿಲ್ಲ."

ಪೂರ್ತಿ ಹೇಳಿದರು. ಸಭಾಂಗಣದ ಸೂರು ಹಾರುವಂತೆ ಹೇಳಿದರು.

"ಅದ್ರಾಗೆ ಎಲ್ಲಾರ್ಗಿಂತ ಮೊದ್ಲು ಬಂದ್ನಲ್ಲ, ಅವ್ನೇ ಕಣ್ರಪ್ಪಾ ನನ್ ಮೊಮ್ಮಗ" ಅಂದೆ.

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ನಿನ್ನ ಹೆಸರು ಕೂಗಿದ. ಅವನ ಪಕ್ಕದವನು ಕೂಗಿದ. ನೋಡುನೋಡುತ್ತಾ ಇಡೀ ಶಾಲೆ ಕೂಗಿತು. ಬೇರೆ ಅಜ್ಜಿಯರು ಮೊಮ್ಮಕ್ಕಳ ಹೆಸರನ್ನು ಒಂದು ಸಲ ಹೇಳಿದ್ದರು. ನಿನ್ನ ಹೆಸರು ಕೂಗುವುದನ್ನು ಸಾಕು ಸಾಕು ಎಂದು ಮಿಸ್ಸೇ ನಿಲ್ಲಿಸಬೇಕಾಯಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಅಜ್ಜಿ, ನನ್ನ ವಯಸ್ಸಿನವರು, ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಅವರಿಗೆ ವಿಷಯ ಪೂರ್ತಿ ಗೊತ್ತಾಗಿತ್ತು.

ಕೆಳಗಿಳಿದ ಮೇಲೆ ನೀನು ಹೇಳಿದ್ದು ನೆನಪಿದೆಯಾ? "ಎಲ್ಲಾರೂ ಏಳಿದ್ರು, ನೀನೊಬ್ಳೇ ಏಳ್ಲಿಲ್ಲ" ಅಂದೆ. ಆಮೇಲೆ ನೀನೇ ನನ್ನ ಸೆರಗು ಎಳೆದು, "ಟಿ.ವಿ. ಹೆಂಗ್ಸಿಗಿಂತ ನೀನೇ ಗಟ್ಟಿ ಬುಡಜ್ಜಿ. ಸಾಯೋಗಂಟ ಬಾಯ್ ಬುಡಬ್ಯಾಡ" ಅಂದೆ. ನನಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇಕಿರಲಿಲ್ಲ. ಆ ಸನ್ಮಾನ ಮುಂದಿನ ಭಾನುವಾರದವರೆಗೆ ಉಳಿಯಿತು.

ಭಾನುವಾರ ಹುಣಸೂರಿನಲ್ಲಿ ನಿನಗೆ ಚಪ್ಪಲಿ ಕೊಡಿಸಿ, ಊರಿಗೆ ವಾಪಸ್ ಬಸ್ಸು ಹತ್ತಿದೆವು. ಕಂಡಕ್ಟರ್ ಬಂದು, "ಎಲ್ಲಿಗಜ್ಜಿ?" ಅಂದ. ನಾನು ಬಾಯಿ ತೆರೆಯುವ ಮೊದಲೇ ನೀನು, "ಯಡತೊರೆ" ಅಂದೆ.

"ಅದ್ಯಾವ್ದ್ಲಾ ಊರು? ಎಲ್ಲಿ ಬತ್ತದೆ?"

"ಏಳಂಗಿಲ್ಲ."

"ಯಾಕ್ಲಾ ಏಳಂಗಿಲ್ಲ?"

"ಏನ್ ಮಾಡಿದ್ರೂ ಏಳಕಿಲ್ಲ" ಎಂದು ನೀನು ಕೈಕಟ್ಟಿ ಕುಳಿತೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಬಿಡಿಸಿ ಹೇಳುವಂಥ ವಯಸ್ಸಾದವರು ಅವತ್ತು ಆ ಬಸ್ಸಿನಲ್ಲಿ ನಾನೊಬ್ಬಳೇ. ಕಂಡಕ್ಟರ್ ನನ್ನ ಕಡೆ ನೋಡಿ, "ಊರೆಸ್ರು ಏಳ್ದಿದ್ರೆ ಇಲ್ಲೇ ಇಳ್ಕೊಳಿ ಕಣಜ್ಜಿ, ನಂಗೆ ಲೇಟಾಯ್ತದೆ" ಎಂದು ಸೀಟಿಯನ್ನು ತುಟಿಗೆ ಇಟ್ಟ. ಹೊರಗೆ ಸುಡುವ ಬಿಸಿಲು. ಒಂದು ಮರದ ನೆರಳೂ ಕಾಣಲಿಲ್ಲ.

"ಕೆ.ಆರ್. ನಗರ ಕಣಪ್ಪ" ಅಂದೆ.

ನೀನು ನನ್ನ ಮುಖವನ್ನೇ ನೋಡಿದೆ. "ಬಾಯ್ ಬುಟ್ಬುಟ್ಯಲ್ಲಜ್ಜಿ" ಅಂದೆ. ಮುಂದಿನ ದಾರಿಯೆಲ್ಲ ನನ್ನ ಜೊತೆ ಮಾತಾಡಲಿಲ್ಲ. ಕಾಫಿ ಕೊಟ್ಟು ಕೇಳಿದ್ದರೆ ನಾನೂ ಹೇಳುತ್ತಿರಲಿಲ್ಲವೋ ಏನೋ. ನನ್ನ ಶತ್ರು ಬಿಸಿಲಿನಲ್ಲಿ ಇಳಿಸುತ್ತೇನೆ ಅಂದ.

ಈ ಹಾಳೆಗಳನ್ನು ಅಕ್ಕಿ ಡಬ್ಬದ ಮೇಲಿನ ಟ್ರಂಕಿನಲ್ಲಿ, ನಿಮ್ಮ ತಾತನ ಆ ಅಂಗಿಯ ಮಡಿಕೆಯೊಳಗೆ ಇಟ್ಟಿರುತ್ತೇನೆ. ಇಲಿ ಕಡಿಯದಂತೆ, ನೀರು ತಾಗದಂತೆ ಜೋಪಾನ ಮಾಡಿ. ಯಾರಾದರೂ ಕೇಳಿದರೆ ಓದಲು ಕೊಡಿ, ಶತ್ರುಗಳಾದರೂ ಚಿಂತೆಯಿಲ್ಲ. ಮೊದಲಿನಿಂದ ಕೊನೆಯವರೆಗೆ ಹುಡುಕಿದರೂ ಆ ಹೆಸರು ಅವರಿಗೆ ಸಿಗುವುದಿಲ್ಲ. ಆ ಕಂಡಕ್ಟರಿಗೆ ಮಾತ್ರ ತೋರಿಸಬೇಡಿ.