ಗಿರಣಿ ಕಿವಿಯ ಪರೀಕ್ಷೆ

ಹೆಂಡತಿ ತವರಿಗೆ ಹೋದದ್ದೇ ತಡ, ಅವಳ ಕಾಲಿನ ಬೆಳ್ಳಿ ಚೈನು ಕರಗಿಸಿ ಸ್ಪೀಕರಿಗೆ ವಾಯರು ಮಾಡಿಸಿದ ಗಂಡಸು ಶಹಾಪುರದಲ್ಲಿ ಭಗವಂತರಾಯ ಒಬ್ಬನೇ. ಹಿಟ್ಟಿನ ಗಿರಣಿಯವನು. ದಿನವೆಲ್ಲ ಗಡಗಡ ಕೇಳಿ, ಸಂಜೆ ಹಳೆಯ ಆಂಪ್ಲಿಫೈಯರಿನ ಮುಂದೆ ಕಣ್ಣು ಮುಚ್ಚಿ ಕೂತು, "ತಾಮ್ರದ ವಾಯರಿನ್ಯಾಗ ಶಹನಾಯಿಗೆ ನೆಗಡಿ ಬಂದಂಗ ಆಗ್ತದ. ಬೆಳ್ಳಿಯೊಳಗ ಬೆಣ್ಣಿ!" ಅನ್ನುತ್ತಿದ್ದ. ಓಣಿಯವರು ಅವನಿಗೆ ಗಿರಣಿ ಕಿವಿ ಎಂದು ಹೆಸರಿಟ್ಟಿದ್ದರು.

ಅವತ್ತು ಬೆಳಿಗ್ಗೆ ತವರೂರು ಸಗರದಿಂದ ಹೆಂಡತಿ ಮಲ್ಲೇಶ್ವರಿಯ ಫೋನು ಬಂತು. "ಹನ್ನೊಂದರ ಬಸ್ಸಿಗೆ ಬರಾಕತ್ತೀನಿ. ನಾಳಿ ಸುರಪುರದಾಗ ತಂಗಿ ನಿಶ್ಚಯ ಅದ. ಟ್ರಂಕಿನ್ಯಾಗಿನ ಚೈನು ತೊಳದು ಇಡ್ರಿ."

ಭಗವಂತರಾಯನ ಮುಖ ಜರಡಿಯಲ್ಲಿ ಉಳಿದ ಹೊಟ್ಟಿನಂತಾಯಿತು. ವಾಯರು ಎಳೆದುಕೊಟ್ಟಿದ್ದ ಅಕ್ಕಸಾಲಿಗ, ಪತ್ತಾರ ಮೋನಪ್ಪನ ಅಂಗಡಿಗೆ ಓಡಿದ. "ಒಂದು ತಾಸಿನ್ಯಾಗ ವಾಯರು ಮತ್ತ ಚೈನು ಆಗ್ತದೇನು?"

"ಹಿಟ್ಟು ತಿರಗಾ ಜ್ವಾಳ ಆಗ್ತದೇನ್ರಿ ರಾಯ್ರ?" ಎಂದ ಮೋನಪ್ಪ.

ಅವನು ಮನೆಗೆ ಬರುವಷ್ಟರಲ್ಲಿ ಪಕ್ಕದ ಮನೆ ಮಲ್ಲಿಕಮ್ಮ ಓಣಿಯ ಬಾಯಲ್ಲೇ ಮಲ್ಲೇಶ್ವರಿಯನ್ನು ತಡೆದು ಎಲ್ಲವನ್ನೂ ಊದಿ ಮುಗಿಸಿದ್ದಳು. ಮಲ್ಲೇಶ್ವರಿ ಚೀಲವನ್ನೂ ಇಳಿಸಲಿಲ್ಲ.

"ನನ್ನ ಕಾಲು ಬೋಳು ಮಾಡಿ ಡಬ್ಬಿಗೆ ಶೃಂಗಾರ ಮಾಡೀರಿ?"

"ಒಂದ್ಸಲ ಕೇಳ ಮಾರಾಯ್ತಿ! ಕೇಳಿದ್ರ ನೀನೇ ಮಾಫ್ ಮಾಡ್ತಿ."

"ಕಿವಿ ಮಾತು ಯಾರು ನಂಬಬೇಕು ಕಾಕಾ?" ಎಂದು ಒಳಗೆ ಬಂದ ಎದುರಿನ ಎಲೆಕ್ಟ್ರಿಕ್ ಅಂಗಡಿಯ ಏಜಾಜ. "ಕಣ್ಣು ಕಟ್ಟಿ ಪರೀಕ್ಷಾ ಮಾಡೂಣು. ಹತ್ತು ಸಲ ವಾಯರು ಬದಲಾಸ್ತೀನಿ. ಯಾವುದು ಬೆಳ್ಳಿ, ಯಾವುದು ತಾಮ್ರ, ಹೇಳ್ರಿ."

"ಎಂಟು ಸರಿ ಹೇಳಿದ್ರ ಚೈನು ಮರತೆ," ಎಂದಳು ಮಲ್ಲೇಶ್ವರಿ. "ಇಲ್ಲಂದ್ರ ಈ ಡಬ್ಬಿಗೋಳು ಇವತ್ತೇ ಗುಜರಿಗೆ."

ಹನ್ನೆರಡು ವರ್ಷ ಒಂದೊಂದೇ ಭಾಗ ಹುಡುಕಿ ತಂದು ಕಟ್ಟಿದ ಸೆಟ್ಟು. ಭಗವಂತರಾಯ ಅದನ್ನೊಮ್ಮೆ ಸವರಿ ಹೂಂ ಅಂದ. ಓಣಿಯೆಲ್ಲ ಪಡಸಾಲೆಯಲ್ಲಿ ತುಂಬಿತು. ಮೋನಪ್ಪನೂ ಬಂದು ಮೂಲೆ ಹಿಡಿದ. ಮಲ್ಲಿಕಮ್ಮ ಟವೆಲ್ಲಿನಿಂದ ಕಣ್ಣು ಕಟ್ಟಿದಳು, ಮೂಗನ್ನೂ ಸೇರಿಸಿ.

"ಉಸಿರು... ಉಸಿರು ಬಿಡ್ರಿ ಅಕ್ಕಾ!"

"ಕೇಳಾಕ ಮೂಗು ಯಾಕ ಬೇಕೋ?"

ಶಹನಾಯಿ ಮೊಳಗಿತು. "ಬೆಳ್ಳಿ!" ಎಂದ. ಮತ್ತೊಮ್ಮೆ. "ಥೂ, ತಾಮ್ರ!" ಹತ್ತೂ ಸಲ ಒಂದಿಷ್ಟೂ ತಡವರಿಸಲಿಲ್ಲ. ಟವೆಲ್ಲು ಕಿತ್ತು ಗೆದ್ದವನಂತೆ ನಿಂತ.

ಏಜಾಜ ತಾನು ವಾಯರು ಬರೆದಿಟ್ಟುಕೊಂಡ ಚೀಟಿ ನೋಡಿದ. ಮತ್ತೆ ನೋಡಿದ. "ಹತ್ತರಾಗ ಸೊನ್ನಿ."

ಪಡಸಾಲೆ ನಗುವಿನಲ್ಲಿ ಕುಸಿಯಿತು. ಮಲ್ಲೇಶ್ವರಿ ಸೆಟ್ಟು ಸಾಗಿಸಲು ಟಂಟಂ ಆಟೊ ಕರೆಯಲು ಹೊರಟಳು.

"ನಿಲ್ರಿ ಕಾಕೂ!" ಏಜಾಜ ಕೂಗಿದ. "ಸುಮ್ನ ಊಹಿ ಮಾಡಿದ್ರೂ ನಾಕೈದು ಸರಿ ಬರ್ತಾವ. ಹತ್ತೂ ತಪ್ಪಬೇಕಂದ್ರ ಹತ್ತೂ ಸಲ ಫರಕು ಗೊತ್ತಾಗಿರಬೇಕು. ಕಾಕಾನ ಕಿವಿ ಪಕ್ಕಾ ಅದಾವ!"

ಭಗವಂತರಾಯನ ಕಣ್ಣಲ್ಲಿ ನೀರು ಬಂತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಅವನ ಕಿವಿಯನ್ನು ನಂಬಿದ್ದ.

"ಆದ್ರ ಛಲೋ ಕೇಳಿಸಿ ಬೆಳ್ಳಿ ಅಂದದ್ದೆಲ್ಲ ತಾಮ್ರ," ಏಜಾಜ ಬೆಳ್ಳಿ ವಾಯರಿಗೆ ಮೀಟರು ಹಚ್ಚುತ್ತ ಹುಬ್ಬು ಗಂಟಿಕ್ಕಿದ. "ಅಸಲಿ ಬೆಳ್ಳಿ ತಾಮ್ರಕ್ಕ ಸೋಲಂಗಿಲ್ಲ. ಇದು ಬೆಳ್ಳೀನೇ ಅಲ್ಲ ಕಾಕಾ. ಜರ್ಮನ್ ಬೆಳ್ಳಿ, ಪಾತ್ರಿ ಮಾಡೋದು."

ಎಲ್ಲರೂ ಮೋನಪ್ಪನ ಕಡೆ ತಿರುಗಿದರು.

"ತಿಂಥಣಿ ಮೋನಪ್ಪಯ್ಯನ ಆಣಿ, ಕೊಟ್ಟ ಚೈನನ್ನೇ ಕರಗಿಸಿ ವಾಯರು ಎಳದೀನಿ," ಪತ್ತಾರ ನೆಲ ನೋಡಿದ. "ಕರಗಸೂ ಮುಂದ ಗೊತ್ತಾತು. ಮನಿ ಮರ್ಯಾದಿ ಅಂತ ಸುಮ್ನಿದ್ದೆ."

ಮಲ್ಲೇಶ್ವರಿ ಮೆಲ್ಲಗೆ ಗಂಡನ ಕಡೆ ನಡೆದು ಬಂದಳು. "ಆ ಚೈನು ನಮ್ಮ ನಿಶ್ಚಯದಾಗ ನಿಮ್ಮವ್ವ ಹಾಕಿದ್ದು. ಶುದ್ಧ ಬೆಳ್ಳಿ ಅಂತ ಹತ್ತು ಮಂದಿ ಮುಂದ ಹೇಳಿ."

ತಾಯಿ ತೀರಿಹೋಗಿದ್ದಳು; ಲೆಕ್ಕ ಮಗನ ಮೇಲೆ ಬಂತು. ಮಾರಿ ಅಸಲಿ ಚೈನು ತರಲೆಂದು ಸೆಟ್ಟು ಟಂಟಂ ಏರಿತು.

ಭಗವಂತರಾಯ ಗಿರಣಿಗೆ ಹೋಗಿ ಕೂತ. ಸಂಜೆಯೊಳಗೆ ಬಾಗಿಲಲ್ಲಿ ಸಾಲು ಹತ್ತಿತ್ತು. ಜೋಳ ಯಾರ ಕೈಯಲ್ಲೂ ಇಲ್ಲ. ಓಣಿಯ ಸೊಸೆಯಂದಿರೆಲ್ಲ ಅತ್ತೆ ಹಾಕಿದ ಚೈನು ಹಿಡಿದು, "ಅಣ್ಣಾರ, ಇದನ್ನೂ ಸ್ವಲ್ಪ ಕೇಳಿ ಹೇಳ್ರಿ" ಎಂದು ನಿಂತಿದ್ದರು. ಅವರ ಹಿಂದೆ ಅತ್ತೆಯಂದಿರು ನಿಂತಿದ್ದರು, ಬಡಿಗೆ ಹಿಡಿದು.