ಹುರುಳಿಯ ಮೇಲೆ ಶೂ ಬಿಚ್ಚಹೋದ ಚಿಗವ್ವ

ಬೆಳಗಿನ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಚಿಗವ್ವ ಹೊಸಹಳ್ಳಿ ಹತ್ತಿರದ ಡಾಂಬರು ರಸ್ತೆಯ ನಟ್ಟನಡುವೆ ಬಗ್ಗಿ ಶೂ ಲೇಸು ಬಿಚ್ಚತೊಡಗಿದಳು. ಎಡವಟ್ಟು ಶುರುವಾದದ್ದು ಅಲ್ಲಿಂದ. ಸೀರೆಯ ಕೆಳಗೆ ಶೂ ಹಾಕುವ ಹೆಂಗಸರು ಬೇಕಾದಷ್ಟು ಇದ್ದಾರೆ. ಬಸ್ಸು ಬರುತ್ತಿರುವಾಗ ಅದನ್ನು ಬಿಚ್ಚುವವರು ನಮ್ಮ ಮನೆತನದಲ್ಲಿ ಮಾತ್ರ ಸಿಗುತ್ತಾರೆ!

ಚಿಗವ್ವ ನನ್ನ ತಾಯಿಯ ತಂಗಿ. ಕೂಡ್ಲಿಗಿಯಲ್ಲಿ ಖಾನಾವಳಿ ನಡೆಸುತ್ತಾಳೆ. ವರ್ಷಗಟ್ಟಲೆ ನಿಂತು ರೊಟ್ಟಿ ಬಡಿದು ಹಿಮ್ಮಡಿ ನೋವು ಬಂತು. ಡಾಕ್ಟರು, "ಮಾಡೋ ಕೆಲಸಕ್ಕೆ ತಕ್ಕ ಚಪ್ಪಲಿ ಹಾಕ್ಕೊಳ್ಳಿ" ಎಂದರಂತೆ. ಅವರು ಅಷ್ಟಕ್ಕೇ ಸುಮ್ಮನಾದರು, ಚಿಗವ್ವ ಆಗಲಿಲ್ಲ. ಒಲೆ ಮುಂದೆ ನಿಲ್ಲಲು ದಪ್ಪನೆಯ ಮೆತ್ತನೆ ಚಪ್ಪಲಿ, ಪೇಟೆಗೆ ಹಿಂದೆ ಪಟ್ಟಿಯಿರುವ ಸ್ಯಾಂಡಲ್, ಹೊಲಕ್ಕೆ ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯುವ ಲೇಸಿನ ಶೂ.

"ಮದುವಿಗೆ ಹೋಗಾಕ?" ಎಂದು ಕೇಳಿದೆ.

"ಅದಕ್ಕ ಬ್ಯಾರೆ. ಊಟದ ಪಾಳಿಗೆ ನಿಂದರಬೇಕಲ್ಲ!"

ಕೊಟ್ಟೂರಿನ ಚಪ್ಪಲಿ ಅಂಗಡಿಗೆ ಆಕೆಯ ಜೊತೆ ಹೋಗುವವರಿಗೆ ಎದೆ ಗಟ್ಟಿ ಇರಬೇಕು. ಒಲೆಯ ಚಪ್ಪಲಿ ಮೆಟ್ಟಿ, ಗಾಜಿನ ಕೌಂಟರಿನ ಮೇಲೆ ಇಲ್ಲದ ರೊಟ್ಟಿಯನ್ನು ಪಟಪಟ ಬಡಿದಳು. ತಿರುಗಿಸಿ ನನ್ನ ಕಡೆ ಎಸೆದಳು. ಎಂ.ಎ. ಓದಿದವಳು ನಾನು, ಹಿಡಿದುಕೊಂಡೆ!

"ಅವ್ವಾರ, ಗಾಜು ಒಡಿತೈತ್ರಿ," ಎಂದ ಅಂಗಡಿಯವ.

"ತಡಿಯಪ್ಪ, ಇನ್ನೊಂದೀಟು ಬಡೀತೀನಿ. ಹಿಮ್ಮಡಿ ಏನಂತೈತಿ ಕೇಳಬೇಕು."

ನನ್ನನ್ನು ನೋಡಲು ಗಂಡಿನವರು ಬಂದಾಗ ಒಳಗೆ ಎಲ್ಲರೂ ಹುಡುಗನ ಮುಖ ನೋಡುತ್ತಿದ್ದರು. ಚಿಗವ್ವ ಬಾಗಿಲಾಚೆ ಕುಕ್ಕರುಗಾಲಲ್ಲಿ ಕೂತು ಅವನ ಶೂ ಒತ್ತಿ ನೋಡಿ ಬಂದಳು. "ಹುಡುಗ ಅಡ್ಡಿಯಿಲ್ಲ. ಹಿಮ್ಮಡಿ ಕಡೆ ಸಡಿಲ ಅದಾನ!"

ಇಂಥವಳು ಆ ದಿನ ಹೊಲಕ್ಕೆಂದು ನನ್ನೊಂದಿಗೆ ರಸ್ತೆ ದಾಟುತ್ತಿದ್ದಳು. ಸುಗ್ಗಿಯಲ್ಲಿ ನಮ್ಮ ಕಡೆ ಹುರುಳಿ ಗಿಡ ಕಿತ್ತು ರಸ್ತೆಗೆ ಹರವುತ್ತಾರೆ. ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ಮಾತಿನ ಭರದಲ್ಲಿ ಚಿಗವ್ವ ಅದರ ಮೇಲೆಯೇ ನಡೆದಳು. ಕಾಲ ಕೆಳಗೆ ಚಟಚಟ ಎಂದಿತು.

"ಅಯ್ಯ ನನ್ನವ್ವ, ಕಾಳು!"

ಅನ್ನವಾಗುವುದನ್ನು ಶೂ ಕಾಲಲ್ಲಿ ತುಳಿಯುವುದುಂಟೇ? ಅಲ್ಲೇ ಬಗ್ಗಿದಳು. ಹಿಮ್ಮಡಿ ಅಲುಗಬಾರದೆಂದು ತಾನೇ ಹಾಕಿಕೊಂಡ ಜೋಡುಗಂಟು. ಎಷ್ಟು ಎಳೆದರೂ ಬಿಚ್ಚಿಕೊಳ್ಳಲಿಲ್ಲ.

ಹಾರನ್ ಕೇಳಿತು. ಡ್ರೈವರ್ ಬ್ರೇಕು ಹಾಕಿದ. ಆದರೆ ಒಣಗಿದ ಹೊಟ್ಟಿನ ಮೇಲೆ ಬ್ರೇಕು ಏನು ಮಾಡೀತು? ಚಕ್ರಗಳು ತಿರುಗುತ್ತಿರಲಿಲ್ಲ, ಬಸ್ಸು ಮಾತ್ರ ಬರುತ್ತಲೇ ಇತ್ತು. ನಾನು ಚೀರಿ, ಮುಂದಕ್ಕೆ ಹಾರಿ, ಆಕೆಯ ರಟ್ಟೆ ಹಿಡಿದು ಜಗ್ಗಿದೆ. ಇಬ್ಬರೂ ರಸ್ತೆ ಬದಿಯ ಹುರುಳಿಯಲ್ಲಿ ಬಿದ್ದೆವು. ಆಕೆ ಬಗ್ಗಿದ್ದ ಜಾಗವನ್ನು ದಾಟಿ ಬಸ್ಸು ಓರೆಯಾಗಿ ನಿಂತಿತು.

ಡ್ರೈವರ್ ಇಳಿದು ಬಂದ. "ಯವ್ವಾ, ಇಲ್ಲಿ ಶೂ ಬಿಚ್ಚಾಕ ಇದೇನು ಗುಡೀನಾ? ಇಡೀ ಬಸ್ಸ ತುಳೀತೈತಿ, ನೀ ತುಳಿದ್ರ ಏನಾಕೈತಿ?"

"ನಿನ್ನ ಬಸ್ಸಿಗೆ ತಿಳಿಯಂಗಿಲ್ಲಪ್ಪ. ನನಗ ತಿಳೀತೈತಿ."

ಅವನು ಮತ್ತೆ ಬಸ್ಸು ಹತ್ತಿ ಹೊರಟ.

ಹಗರಿಬೊಮ್ಮನಹಳ್ಳಿಯ ನನ್ನ ಬಾಡಿಗೆ ಮನೆಗೆ ಮರಳಿದ ಮೇಲೆ ನನಗೆ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಸಾಕು, ತಿರುಗದ ಚಕ್ರಗಳು. ಚಿಗವ್ವನೋ, ಖಾನಾವಳಿಗೆ ಬಂದವರಿಗೆಲ್ಲ ಬಸ್ಸಿನ ಕಥೆ ಬಡಿಸಿ ನಗಿಸುತ್ತಿದ್ದಳಂತೆ! ಕೇಳಿ ನನಗೆ ಸಿಟ್ಟೇ ಬಂತು.

ಶನಿವಾರ ಸಂಜೆ ರೊಟ್ಟಿಯ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಿದ್ದಿ ಮಾಡಿಯೇನು?"

"ಮಾಡೀನಿ."

"ಸುಳ್ಳು ಹೇಳಬ್ಯಾಡಲೇ. ನನಗೂ ಬಂದಿಲ್ಲ."

"ಮತ್ತ ಎಲ್ಲರ ಮುಂದ ನಕ್ಕೊಂತ ಹೇಳ್ತಿದ್ದೆಲ್ಲ?"

"ನಕ್ಕರ ಹೋಕೈತಿ ಅನ್ಕೊಂಡಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಬಸ್ಸು ನಾ ನೋಡೇ ಇಲ್ಲ, ತಲಿ ಬಗ್ಗಿಸಿದ್ದೆ. ನೀ ಅದರ ಮುಂದಕ್ಕ ಹಾರಿದ್ದು ನೋಡಿದೆ. ನಿನಗ ಏನರ ಆಗಿದ್ರ, ನಮ್ಮಕ್ಕಗ ಏನಂತ ಹೇಳ್ಲಿ?"

ಇಷ್ಟು ದಿನ ನಾನು ಆಕೆಯ ಸಾವನ್ನು ನೋಡುತ್ತಿದ್ದೆ, ಆಕೆ ನನ್ನದನ್ನು. ಚಾಪೆ ಹಾಸಿದೆ. ನನ್ನ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡು ಪಕ್ಕದಲ್ಲಿ ಮಲಗಿದಳು.

ಎಚ್ಚರವಾದಾಗ ಭಾನುವಾರದ ಬಿಸಿಲು ಕಿಟಕಿ ದಾಟಿ ಒಳಗೆ ಬಂದಿತ್ತು. "ಏನ್ ಗೊರಕಿನಲೇ ನಿಂದು! ರಾತ್ರಿಯೆಲ್ಲ ಕಣ್ಣು ಮುಚ್ಚಾಕ ಬಿಡ್ಲಿಲ್ಲ," ಎಂದು ಚಿಗವ್ವ ಬೈಯತೊಡಗಿದಳು. ಆಕೆಯ ಎಡಗೆನ್ನೆಯ ಮೇಲೆ ದಿಂಬಿನ ಹೊಲಿಗೆಯ ಗೆರೆ ಆಳವಾಗಿ ಒತ್ತಿತ್ತು.